ಅಕ್ಕ ತೊಳೆದ ಜಾಡಿ

ದಿನಕ್ಕೊಂದು ಪುಟ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೇ ಇತ್ತು. ಹೋದ ಊರು, ಹತ್ತಿದ ಬಸ್ಸು, ಮಳೆ ಬಂತೋ ಇಲ್ಲವೋ, ತಿಂದದ್ದೇನು. ಅಷ್ಟೇ. ಅನ್ನಿಸಿದ್ದನ್ನೆಲ್ಲ ಬರೆಯುತ್ತಿರಲಿಲ್ಲ, ಬರೆದಿಟ್ಟರೆ ಮನೆಯಲ್ಲಿ ಯಾರಾದರೂ ಓದಿಯಾರು ಎಂಬ ಭಯ. ಅರವತ್ತರ ದಶಕದ ಆರಂಭದ ಒಂದು ವಿಜಯದಶಮಿಯ ಪುಟದಲ್ಲಿ ಇಷ್ಟಿದೆ: "ಯಲಹಂಕ, ಅಕ್ಕನ ಮನೆ. ಬಸ್ಸು ಎರಡು ಸಲ, ರೈಲು ಎರಡು ಸಲ. ಮಳೆ ಇಲ್ಲ. ರವೆ ಉಂಡೆ: ಸೊನ್ನೆ."

ಹೆಬ್ಬಾಳದಿಂದ ಯಲಹಂಕದ ಅಕ್ಕನ ಮನೆಗೆ ಹೋಗಿ ಬರಲು ರೈಲು ಯಾಕೆ ಬೇಕಾಯಿತು, ಹಬ್ಬದ ದಿನ ಒಂದು ರವೆ ಉಂಡೆಯೂ ಯಾಕೆ ಬಾಯಿಗೆ ಬೀಳಲಿಲ್ಲ ಎನ್ನುವುದನ್ನು ಈಗ ಬರೆಯಬಹುದು ಅನ್ನಿಸುತ್ತದೆ.

ನಮ್ಮಪ್ಪನದು ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಬದಿ ಸೈಕಲ್ ಶಾಪು. ನಮ್ಮ ಮನೆಗೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ದಿನ ಸ್ಪ್ಯಾನರು, ಪಂಪು, ಸುತ್ತಿಗೆ, ಪಂಕ್ಚರ್ ನೋಡುವ ನೀರಿನ ಬಾಂಡಲಿ ಎಲ್ಲವನ್ನೂ ಮೊದಲು ಸೀಮೆಎಣ್ಣೆಯಲ್ಲಿ ಒರೆಸಿ, ಆಮೇಲೆ ಸೀಗೆಪುಡಿಯಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕುವುದು ಅಕ್ಕನ ಮತ್ತು ನನ್ನ ಕೆಲಸ. ಅಪ್ಪನ ಕಟ್ಟಪ್ಪಣೆ ಒಂದೇ: "ಪೂಜೆಗೆ ಕೂರೋ ಸಾಮಾನಲ್ಲಿ ನಿನ್ನೆ ಕೊಳೆ ಇರಬಾರದು." ಅಕ್ಕ ಉಜ್ಜಿದ ಸ್ಪ್ಯಾನರಿನಲ್ಲಿ ಮುಖ ಕಾಣುತ್ತಿತ್ತು. ಮದುವೆಯಾಗಿ ಹೋಗುವಾಗ ಆ ಕಟ್ಟಪ್ಪಣೆಯನ್ನೂ ಅವಳು ಜೊತೆಗೇ ಒಯ್ದಳು.

ಆ ಬೇಸಿಗೆಯಲ್ಲಿ ಅವಳನ್ನು ಕೊಟ್ಟದ್ದು ಯಲಹಂಕದ ಬೇಕರಿಯ ಮನೆಗೆ. ಯಲಹಂಕ ಆಗ ತನ್ನ ಕೆರೆ, ತನ್ನ ರೈಲ್ವೆ ಸ್ಟೇಷನ್ನು, ತನ್ನ ಸಂತೆಯೊಂದಿಗೆ ತನ್ನಷ್ಟಕ್ಕೆ ಇದ್ದ ಸಣ್ಣ ಊರು. ಅಲ್ಲಿದ್ದ ಬೇಕರಿ ಅದೊಂದೇ. ಮುಂದೆ ಅಂಗಡಿ, ನಡುವೆ ಸೌದೆ ಒಲೆಯ ಕೋಣೆ, ಹಿಂದೆ ಮನೆ, ಅದರ ಹಿಂದೆ ಕೊಟ್ಟಿಗೆ. ಅಕ್ಕನ ಮಾವ ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ದಂಡಿನ ಕಡೆ ಯಾವುದೋ ಬೇಕರಿಯಲ್ಲಿ ಕೆಲಸ ಕಲಿತು ಬಂದು ಇದನ್ನು ಹಾಕಿದವರು. ಮಾತು ಬಹಳ ಕಡಿಮೆ. ಅತ್ತೆ ಆ ಕೊರತೆಯನ್ನು ತುಂಬಿಕೊಡುತ್ತಿದ್ದರು.

ಆ ಮನೆಯಲ್ಲಿ ಒಂದು ಜಾಡಿ ಇತ್ತು. ಅದರೊಳಗೆ ಹುಳಿ. ಮೊಸರಿಗೆ ಹೆಪ್ಪು ಹೇಗೋ ಬ್ರೆಡ್ಡಿಗೆ ಅದು ಹಾಗೆ. ಸಂಜೆ ಹಿಟ್ಟು ನಾದುವಾಗ ಜಾಡಿಯಿಂದ ಒಂದಿಷ್ಟು ತೆಗೆದು ಮರಿಗೆಯಲ್ಲಿರುವ ಮೈದಾಕ್ಕೆ ಬೆರೆಸಬೇಕು. ತೆಗೆದಷ್ಟಕ್ಕೆ ಮೈದಾ, ನೀರು, ಚಿಟಿಕೆ ಸಕ್ಕರೆ ಮತ್ತೆ ಜಾಡಿಗೆ ಹಾಕಬೇಕು. ಬೆಳಗಾಗುವಷ್ಟರಲ್ಲಿ ಅದು ಉಬ್ಬಿ ಬಾಯಿಯವರೆಗೆ ಬಂದಿರುತ್ತದೆ. ಭಾವ ಹುಟ್ಟಿದ ವರ್ಷ ಮಾವ ಆ ಹುಳಿಯನ್ನು ತಂದು ಹಾಕಿದ್ದರಂತೆ. ಅಂದಿನಿಂದ ಜಾಡಿ ಬರಿದಾಗಿಲ್ಲವಂತೆ. "ನನಗೆ ಇಬ್ಬರು ಗಂಡುಮಕ್ಕಳು, ಹಿರಿಯವನು ಜಾಡೀಲಿದ್ದಾನೆ" ಎಂದು ಅತ್ತೆ ಮದುವೆ ಮಾತಿಗೆ ಬಂದಾಗಲೇ ಹೇಳಿ ನಮ್ಮನ್ನು ನಗಿಸಿದ್ದರು. ಅವರು ಮಾತ್ರ ಪೂರ್ತಿ ನಕ್ಕಿರಲಿಲ್ಲ. ಮನೆಯ ಅದೃಷ್ಟ ಅದರಲ್ಲಿದೆ ಎಂದು ನಂಬಿದವರು ಅವರು.

ಮದುವೆಯಾದ ತಿಂಗಳಿಗೇ ಒಲೆಯ ಕಮಾನು ಬಿರುಕು ಬಿಟ್ಟಿತು. ಶ್ರಾವಣದಲ್ಲಿ ಹಸು ಹಾಲು ಕಡಿಮೆ ಮಾಡಿತು. ಅತ್ತೆ ಗೋಡೆಯಾಚೆಯ ನೆರೆಯವರಿಗೆ, "ಬಂದವಳ ಕಾಲ್ಗುಣ ಹೇಗೋ ಏನೋ, ನೋಡ್ಬೇಕು" ಎಂದದ್ದು ಅಕ್ಕನ ಕಿವಿಗೆ ಬಿತ್ತು. ಅದನ್ನು ಅವಳು ಅಮ್ಮನಿಗೆ ಹೇಳಲಿಲ್ಲ, ನನಗೆ ಹೇಳಿದಳು. "ಇನ್ನೊಂದೇನಾದ್ರೂ ಆದ್ರೆ ನನ್ನ ಗಂಟುಮೂಟೆ ಕಟ್ಟಿಸ್ತಾರೆ ಕಣೇ" ಎಂದಳು. ಅಂದಿನಿಂದ ಆ 'ಇನ್ನೊಂದು' ಯಾವ ರೂಪದಲ್ಲಿ ಬರುತ್ತದೋ ಎಂದು ನಾನೂ ಕಾಯುವಂತಾಯಿತು.

ವಿಜಯದಶಮಿಯ ಬೆಳಗ್ಗೆ ಅಮ್ಮ ಕೊಟ್ಟ ಹೂವು, ಬಾಳೆಹಣ್ಣು, ರವಿಕೆ ಕಣ ಹಿಡಿದು ನಾನು ಬಸ್ಸಿಳಿದೆ. ಸಂಜೆಯ ಬಸ್ಸಿಗೆ ವಾಪಸು ಬರಬೇಕೆಂದು ಅಪ್ಪನ ಅಪ್ಪಣೆ. ಭಾವ ಸ್ನೇಹಿತರ ಜೊತೆ ದಸರಾ ಮೆರವಣಿಗೆ ನೋಡಲು ಮೈಸೂರಿಗೆ ಹೋಗಿದ್ದರು. ಮಾವ ಎಲ್ಲಿಗೋ ಬನ್ನಿ ಪೂಜೆಗೆ ಹೋದವರು ಸಂಜೆಗೆ ಬರುವವರು. ಕೆಲಸದವರು ಹಬ್ಬಕ್ಕೆ ತಮ್ಮ ತಮ್ಮ ಊರಿಗೆ ಹೋಗಿದ್ದರು. ಅತ್ತೆ ಅಡುಗೆಮನೆಯಲ್ಲಿ ಎಣ್ಣೆ ಕಾಯಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿದ ಅಕ್ಕ, "ಬಾ, ಪೂಜೆ ತೋರಿಸ್ತೀನಿ" ಎಂದು ಒಲೆಯ ಕೋಣೆಗೆ ಎಳೆದುಕೊಂಡು ಹೋದಳು.

ಕೋಣೆ ನೋಡಲು ಚೆನ್ನಾಗಿತ್ತು. ತಗಡಿನ ಅಚ್ಚುಗಳು ಸಾಲಾಗಿ, ತಕ್ಕಡಿ, ಮರಿಗೆ, ಉದ್ದ ಹಿಡಿಯ ಮರದ ಹಲಗೆ, ಎಲ್ಲಕ್ಕೂ ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವು. ಮೂಲೆಯಲ್ಲಿ ಒಂದು ಪಿಂಗಾಣಿ ಜಾಡಿ, ಬಾಯಿಗೆ ಬಿಳಿ ಬಟ್ಟೆ, ಕುತ್ತಿಗೆಗೆ ಹಾರ.

"ಎಷ್ಟು ಚೆನ್ನಾಗಿ ಬೆಳಗಿದ್ದೀಯಾ" ಎಂದೆ.

"ಬಟ್ಟೆ ತೆಗೆದು ನೋಡು."

ತೆಗೆದೆ. ಒಳಗೆ ಏನೂ ಇರಲಿಲ್ಲ. ಒಣಗಿದ ಪಿಂಗಾಣಿ, ಸೀಗೆಪುಡಿಯ ವಾಸನೆ.

ಆ ಕೋಣೆಗೆ ಹೆಂಗಸರು ಹೋಗುವ ವಾಡಿಕೆ ಇರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ಮುಂಚೆ, ತೊಳೆದು ಬಳಿಯಲು ಮಾತ್ರ ಪ್ರವೇಶ. ಜಾಡಿಯ ಕಥೆಯನ್ನು ಅಕ್ಕ ನೂರು ಸಲ ಕೇಳಿದ್ದಳು, ಜಾಡಿಯನ್ನು ನೋಡಿರಲಿಲ್ಲ. ಮನೆಯ ಅದೃಷ್ಟ ಅಂದಮೇಲೆ ಅದು ದೇವರ ಕೋಣೆಯಲ್ಲೋ ಉಗ್ರಾಣದಲ್ಲೋ ಇರುತ್ತದೆ ಅಂದುಕೊಂಡಿದ್ದಳು. ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕೂತಿದ್ದ ಈ ಹಳೆಯ ಉಪ್ಪಿನಕಾಯಿ ಜಾಡಿಯ ಮೇಲೆ ಮೈದಾ ಒಣಗಿ ಹೊಪ್ಪಳಿಕೆ ಎದ್ದಿತ್ತು. ಒಳಗೆ ಬೂದು ಬಣ್ಣದ ಗುಳ್ಳೆ.

"ಬ್ರೆಡ್ಡಿಗೆ ಕಾಗದ ಅಂಟಿಸ್ತಾರಲ್ಲ, ಆ ಮೈದಾ ಅಂಟು ಅಂದ್ಕೊಂಡೆ. ಕೆಟ್ಟುಹೋಗಿದೆ, ನಾರ್ತಾ ಇದೆ ಅಂದ್ಕೊಂಡೆ. ಅಪ್ಪ ಹೇಳ್ತಿದ್ರಲ್ಲ, ನಿನ್ನೆ ಕೊಳೆ ಇರಬಾರದು ಅಂತ..."

"ಎಲ್ಲಿ ಚೆಲ್ಲಿದೆ? ಒಂಚೂರಾದ್ರೂ ಉಳಿದಿರಬಹುದು."

"ಕಲಗಚ್ಚಿನ ಬಾನಿಗೆ. ಹಸು ನೆಕ್ಕಿ ನೆಕ್ಕಿ ಕುಡೀತು. ಆಮೇಲೆ ಬಾನೀನೂ ತೊಳೆದೆ." ಅಳು ಮತ್ತು ನಗು ಎರಡೂ ಒಟ್ಟಿಗೆ ಬಂದು ಅವಳ ಮುಖ ಸೊಟ್ಟಗಾಯಿತು.

ಆಯುಧಪೂಜೆಯ ದಿನ ಮಾವ ಬಟ್ಟೆ ಕಟ್ಟಿದ್ದ ಜಾಡಿಗೆ ಕುಂಕುಮವಿಟ್ಟು ಕೈಮುಗಿದಿದ್ದರು. ಹೊರಮೈ ಒರೆಸಿದ್ದಾಳೆ ಅಂದುಕೊಂಡಿರಬೇಕು. ಪೂಜೆಗೆ ಕೂತದ್ದನ್ನು ಯಾರೂ ತೆರೆದು ನೋಡುವುದಿಲ್ಲ. ವಿಜಯದಶಮಿಯ ಬೆಳಗ್ಗೆ ಅತ್ತೆ ಮಾತಿನ ನಡುವೆ, "ಒಲೆ ಕೋಣೆ ಮೂಲೆಗೆ ಸಂಜೆ ಹೋಗ್ಬೇಡಮ್ಮಾ, ಮಾವ ಬಂದು ಜಾಡಿ ತೆಗೀತಾರೆ. ಹಬ್ಬಕ್ಕೆ ಉಪವಾಸ ಇದ್ದಾನಲ್ಲ ಹಿರೀಮಗ, ಸಿಟ್ಟಲ್ಲಿರ್ತಾನೆ" ಎಂದಾಗಲೇ ಅಕ್ಕನಿಗೆ ತಾನು ತೊಳೆದದ್ದು ಏನೆಂದು ಗೊತ್ತಾದದ್ದು. ಸಂಜೆ ಮಾವ ಜಾಡಿ ತೆಗೆದು ಮರುದಿನದ ಬ್ರೆಡ್ಡಿಗೆ ಹಿಟ್ಟು ನಾದಿಸಬೇಕು. ಹೊಸದಾಗಿ ಹುಳಿ ಬರಿಸಲು ಒಂದು ವಾರ ಬೇಕು. ಅಲ್ಲಿಯವರೆಗೆ ಒಲೆ ತಣ್ಣಗೆ. ಕಮಾನು, ಹಸು, ಈಗ ಇದು.

"ಹೇಳಿಬಿಡೋಣ" ಎಂದೆ.

"ಹೇಳು ನೀನೇ ಹೋಗಿ" ಎಂದಳು. ನಾನು ಅಲುಗಲಿಲ್ಲ.

ಭಾವ ಯಾವತ್ತೋ ಹೇಳಿದ್ದ ಒಂದು ಮಾತನ್ನು ಆಗ ಅಕ್ಕ ನೆನಪು ಮಾಡಿಕೊಂಡಳು. ಮಾವ ಮೊದಲ ಸಲ ಹುಳಿ ಹಾಕಿದ್ದು ಯಶವಂತಪುರದಾಚೆ ತುಮಕೂರು ರಸ್ತೆ ಬದಿಯ ಒಂದು ಸಣ್ಣ ಬಿಯರ್ ಕಾರ್ಖಾನೆಯಿಂದ ತಂದ ಗಸಿಯಿಂದ. ಪೀಪಾಯಿಯ ತಳದಲ್ಲಿ ನಿಲ್ಲುವ ಗಸಿ. ಬಿಯರಿನಲ್ಲಿ ನೊರೆ ಬರಿಸುವುದೂ ಬ್ರೆಡ್ಡನ್ನು ಉಬ್ಬಿಸುವುದೂ ಒಂದೇ.

ಯಶವಂತಪುರದಲ್ಲಿ ನಮ್ಮ ದೊಡ್ಡಮ್ಮನ ಮನೆ ಇತ್ತು, ಅವರು ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ಗೊಂಬೆ ನೋಡಲು ಹೋಗಿಬರುತ್ತೇವೆ ಎಂದು ಅತ್ತೆಯನ್ನು ಕೇಳಿದೆವು. ಅತ್ತೆ ಸಂತೋಷವಾಗಿಯೇ, "ಹೋಗ್ಬನ್ನಿ, ಬರಿಗೈಲಿ ಹೋಗ್ಬೇಡಿ" ಎಂದು ರವೆ ಉಂಡೆಯ ತಟ್ಟೆ ತೆಗೆದರು. ಅಕ್ಕ ಹಾಲಿನ ಕ್ಯಾನು ಮುಂದಿಟ್ಟಳು.

"ರವೆ ಉಂಡೇನ ಹಾಲಿನ ಕ್ಯಾನಲ್ಲಿ ಯಾರಾದ್ರೂ ಹಾಕ್ತಾರೇನೇ?"

"ಮುಚ್ಚಳ ಬಿಗಿ ಇದೆ ಅತ್ತೆ. ರೈಲಲ್ಲಿ ಇರುವೆ ಹತ್ತಲ್ಲ."

"ರೈಲ್ನೋರು ಇರುವೆ ಸಾಕಿದ್ದಾರಾ?" ಎಂದರು ಅತ್ತೆ. ಆದರೂ ತುಂಬಿಸಿ ಕೊಟ್ಟರು. ನನಗೊಂದು ಉಂಡೆ ಕೊಡಲು ಬಂದರು. ರೈಲಿಗೆ ಹೊತ್ತಾಯಿತು, ಬಂದು ತಿನ್ನುತ್ತೇನೆ ಎಂದೆ.

ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಜನ ಕಡಿಮೆ. ಕಿಟಕಿಯ ಆಚೆ ರಾಗಿ ತೆನೆ ಹೊಡೆದಿತ್ತು, ಹೊಲಗಳ ಅಂಚಿಗೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ನಾನು ಸ್ಟೇಷನ್ನುಗಳ ಹೆಸರು ಬರೆದುಕೊಳ್ಳುತ್ತಿದ್ದೆ. ಅಂದು ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಕಾರ್ಖಾನೆ ಹಬ್ಬಕ್ಕೆ ಮುಚ್ಚಿದ್ದರೆ? ಕೊಡುವುದಿಲ್ಲ ಅಂದರೆ? ವಾಪಸು ರೈಲು ತಪ್ಪಿದರೆ? ಗುರುತಿನವರು ಯಾರಾದರೂ ನಮ್ಮನ್ನು ಆ ಗೇಟಿನ ಮುಂದೆ ನೋಡಿದರೆ? ಒಂದೊಂದಕ್ಕೂ ಉತ್ತರ ಹುಡುಕಿಕೊಳ್ಳಲು ಹೋಗಿ ಒಂದಕ್ಕೂ ಸಿಗದೆ ಯಶವಂತಪುರ ಬಂತು. ದೊಡ್ಡಮ್ಮನ ಬೀದಿಯನ್ನು ತಪ್ಪಿಸಿ, ಸೆರಗು ತಲೆಗೆ ಎಳೆದುಕೊಂಡು ತುಮಕೂರು ರಸ್ತೆ ಹಿಡಿದೆವು.

ಕಾರ್ಖಾನೆ ಕಾಣುವ ಮೊದಲೇ ವಾಸನೆ ಬಂತು. ಬೇಯಿಸಿದ ಧಾನ್ಯದ್ದು, ಸ್ವಲ್ಪ ಕಹಿ. ಗೇಟು ಮುಚ್ಚಿತ್ತು. ಎರಡೂ ಕಡೆ ಬಾಳೆಕಂದು, ಮೇಲೆ ಮಾವಿನ ತೋರಣ, ಕೆಳಗೆ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಬಿದ್ದಿದ್ದವು. ಸ್ಟೂಲಿನ ಮೇಲೆ ಕೂತಿದ್ದ ವಾಚ್‌ಮನ್ ಎದ್ದು ಬಂದ.

"ಏನವ್ವಾ, ಅಬ್ಬದ್ ದಿನ ಇಂಗ್ ಬಂದ್ರಿ? ಬೂಸ ಬೇಕಾ? ಬೂಸ ನಾಳೀಕೆ." ಬಿಯರು ತೆಗೆದುಳಿದ ಬಾರ್ಲಿಯನ್ನು ಸುತ್ತಲ ಹಳ್ಳಿಯವರು ಹಸುಗಳಿಗೆ ಒಯ್ಯುತ್ತಿದ್ದರಂತೆ.

"ಬೂಸ ಅಲ್ಲಪ್ಪ," ಎಂದಳು ಅಕ್ಕ. "ಗಸಿ ಬೇಕಿತ್ತು. ಬಿಯರಿನ ತಳದ ಗಸಿ."

ಅವನು ನಮ್ಮಿಬ್ಬರನ್ನೂ, ಹಾಲಿನ ಕ್ಯಾನನ್ನೂ ನೋಡಿದ. "ಬೀರು ಕೇಳ್ಕಂಡ್ ಬರೋರ್ನ ದಿನಾ ನೋಡ್ತೀನಿ. ಗಸಿ ಕೇಳ್ಕಂಡ್ ಬಂದೋರ್ನ ಇವತ್ತೇ ನೋಡಿದ್ದು. ಯಜಮಾನ್ರು ಮೇಲಿಂದ ಕುಡ್ದು ತಳ ನಿಮಗ್ ಬಿಟ್ಟವ್ರಾ?"

ಅಕ್ಕ ಕೆಂಪಾದಳು. ನಾನು ಏನಾದರೂ ಹೇಳಬೇಕೆಂದು ಕ್ಯಾನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೆ. ಅದೊಂದೇ ತೋಚಿದ್ದು. ಅವನು ಒಂದು ಉಂಡೆ ತೆಗೆದ, ಅರ್ಧ ಕಚ್ಚಿದ, ಅವನ ಮುಖ ಮೆತ್ತಗಾಯಿತು. "ದ್ರಾಕ್ಷಿ ಜಾಸ್ತಿ ಆಕವ್ರೆ" ಎಂದು ಗೇಟು ಒಂದಿಷ್ಟು ಸರಿಸಿ ಒಳಗೆ ಕೂಗಿದ.

ಒಳಗಿನಿಂದ ಬಂದವನು ತೊಟ್ಟಿಗಳನ್ನು ನೋಡಿಕೊಳ್ಳುವ ಆಳು, ನಡುವಯಸ್ಸಿನವನು. ಅಕ್ಕ ಎಲ್ಲವನ್ನೂ ಹೇಳಿದಳು. ಹೇಳುವಾಗ ಒಂದು ಸಲವೂ ತಲೆ ಎತ್ತಲಿಲ್ಲ. ಅವನು ಕೇಳಿ ತಲೆಯಾಡಿಸಿದ.

"ಗಸಿ ಇಲ್ಲಮ್ಮ. ಆಯುಧಪೂಜೆ ಅಲ್ವಾ, ಪೀಪಾಯಿ, ತೊಟ್ಟಿ, ಕೊಳವೆ, ಎಲ್ಲಾ ತೊಳೆದಾಯ್ತು. ಗಸಿ ಎಲ್ಲಾ ಚರಂಡಿ ಪಾಲು."

ಅಲ್ಲಿಯೂ ತೊಳೆದಿದ್ದರು! ಅಕ್ಕ ಗೇಟಿನ ಕಂಬಿ ಹಿಡಿದುಕೊಂಡಳು. ನಾನು ಕೇಳಿದೆ: "ಎಲ್ಲಾ ಅಂದ್ರೆ ಎಲ್ಲಾನೂನಾ?"

"ಒಂದು ತೊಟ್ಟಿ ಬಿಟ್ಟು. ಅದು ಉಕ್ತಾ ಇದೆ, ಅದನ್ನ ಮುಟ್ಟಲ್ಲ. ಕುಂಕುಮ ಇಟ್ಟಿದ್ದೀವಿ ಅಷ್ಟೇ. ಜೀವ ಇರೋದನ್ನ ಯಾರಾದ್ರೂ ತೊಳೀತಾರಾ?"

ಅವನಿಗೆ ಚುಚ್ಚುವ ಉದ್ದೇಶ ಇರಲಿಲ್ಲ. ಆದರೂ ಅಕ್ಕನಿಗೆ ನಾಟಿತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿಯೋ ಏನೋ, "ಮೇಲಿನ ನೊರೆ ಕೊಡ್ತೀನಿ ಇರಮ್ಮ, ಅದೂ ಆಗುತ್ತೆ" ಎಂದ. ವಾಚ್‌ಮನ್ ತಲೆಯ ಟವೆಲು ಬಿಚ್ಚಿ ಹಾಸಿದ, ರವೆ ಉಂಡೆಗಳನ್ನೆಲ್ಲ ಅದಕ್ಕೆ ಸುರಿದೆವು. ಆಳು ಕ್ಯಾನು ಒಳಗೆ ಒಯ್ದು, ಕಂದು ಬಣ್ಣದ ದಪ್ಪ ನೊರೆ ತುಂಬಿ ತಂದ. ಮುಚ್ಚಳ ಹಾಕುವ ಮೊದಲು ಹೇಳಿದ:

"ಕಹಿ ಇರುತ್ತೆ. ಮನೇಗೆ ಹೋಗಿ ತಣ್ಣೀರು ಹಾಕಿ ಬಿಡಿ. ಕೆಳಗೆ ಬೆಳ್ಳಗೆ ಕೂತ್ಕೊಳ್ಳುತ್ತೆ, ಮೇಲಿನ ನೀರು ಬಗ್ಗಿಸಿ. ಹಿಂಗೆ ಮೂರು ಸಲ ತೊಳೀಬೇಕು."

ಅಕ್ಕ ಹೂಂ ಅಂದಳು. ಆ ಹೂಂ ಒಳಗಿನಿಂದ ಬಂದದ್ದಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ವಾಪಸು ರೈಲಿನಲ್ಲಿ ನಾವು ಮೂಲೆಯ ಸೀಟು ಹಿಡಿದು ಕ್ಯಾನನ್ನು ಕಾಲಿನ ನಡುವೆ ಇಟ್ಟುಕೊಂಡೆವು. ಬಿಸಿಲಿಗೆ ಬಂದದ್ದರಿಂದಲೋ, ಗಾಡಿಯ ಕುಲುಕಿಗೋ, ನೊರೆಗೆ ಹುಮ್ಮಸ್ಸು ಬಂತು. ಮುಚ್ಚಳ ನಿಧಾನವಾಗಿ ಮೇಲೇಳುವುದನ್ನು ನಾನು ನೋಡಿದೆ. ಅಕ್ಕ ಅಂಗೈಯಿಂದ ಒತ್ತಿದಳು. ಅದು ಬೆರಳ ಸಂದಿಯಿಂದ ಬುಸ್ ಎಂದು ಹೊರಬಂದು ಅವಳ ಸೀರೆಯ ನಿರಿಗೆಗೆ ಇಳಿಯಿತು. ರೈಲು ಡಬ್ಬಿಯೆಲ್ಲ ವಾಸನೆ.

ಎದುರಿಗೆ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಮೂಗು ಅರಳಿಸಿದಳು. ಅವಳ ಪಕ್ಕದಲ್ಲಿ ಹೊಸ ಪಂಚೆ ಉಟ್ಟ ಒಬ್ಬ ಹಿರಿಯರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನೋಡವ್ವಾ, ನೋಡೋಕ್ ದೊಡ್ಡ ಮನುಸ್ರಂಗವ್ರೆ. ಅಬ್ಬದ್ ದಿನಾನೇ ಆಕ್ಕಂಡ್ ಮಲಗವ್ರೆ. ಎಂಡ್ತಿ ಮನೇಲಿ ಓಳಿಗೆ ಮಾಡ್ಕಂಡ್ ಕಾಯ್ತಿರ್ತಾಳೆ, ಪಾಪ."

ಅವರು ಎಚ್ಚರವಾಗಿ, "ಏನಮ್ಮಾ?" ಎಂದರು.

"ಏನಿಲ್ಲ ಸ್ವಾಮಿ, ಮಲಿಕ್ಕಳಿ. ಇಳೀವಾಗ ಜೋಪಾನ, ಮೆಟ್ಲು ಎತ್ತರ ಅದೆ."

ಇನ್ನೊಂದು ದಿನ ಇದನ್ನು ನೆನೆದು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಅಂದು ಅಕ್ಕ ಕ್ಯಾನಿನ ಮೇಲೆ ಬಗ್ಗಿ, ತುಟಿ ಅಲುಗಿಸುತ್ತ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಳು. ಯಲಹಂಕದಲ್ಲಿ ಇಳಿಯುವಾಗ ಅರ್ಧ ಕ್ಯಾನು ಉಳಿದಿತ್ತು.

ಹಿತ್ತಲಿನಿಂದ ಒಳಗೆ ಹೋದೆವು. ಅತ್ತೆ ಪಕ್ಕದ ಮನೆಗೆ ಕುಂಕುಮಕ್ಕೆ ಹೋಗಿದ್ದರು. ಇದೇ ಸಮಯ ಎಂದು ನಾನು ಬಾವಿಯಿಂದ ನೀರು ಸೇದಿದೆ. "ಬೇಗ. ಮೂರು ಸಲ ಅಂದ ಅವನು."

ಅಕ್ಕ ಕ್ಯಾನನ್ನು ಎದೆಗೆ ಅವಚಿಕೊಂಡಳು. "ಬೇಡ."

"ಕಹಿ ಆಗುತ್ತಂತೆ ಅಕ್ಕಾ."

"ಮತ್ತೆ ತೊಳೆಯೋದಾ? ನನ್ನ ಕೈಲಿ ಆಗಲ್ಲ ಕಣೇ. ಜೀವ ಇರೋದನ್ನ ತೊಳೀತಾರಾ ಅಂತ ಅವನೇ ಅಂದ. ಇದೂ ಸತ್ತುಹೋದ್ರೆ? ಇನ್ನು ಜನ್ಮದಲ್ಲಿ ಏನನ್ನೂ ತೊಳೆಯಲ್ಲ ನಾನು."

ವಾದಿಸಲು ಹೊತ್ತಿರಲಿಲ್ಲ. ಜಾಡಿಗೆ ಮೈದಾ, ನೀರು, ಸಕ್ಕರೆ ಹಾಕಿ, ನೊರೆಯನ್ನು ಹಾಗೆಯೇ ಸುರಿದು, ಕೈಯಿಂದ ಕದಡಿ, ಬಟ್ಟೆ ಕಟ್ಟಿ, ಹಾರವನ್ನು ಮೊದಲಿದ್ದ ಹಾಗೆ ಹಾಕಿದಳು. ಕಿವಿಯಿಟ್ಟು ಕೇಳಿದೆ. ಒಳಗೆ ಏನೋ ಸಣ್ಣಗೆ ಗುಸುಗುಟ್ಟುವಂತಿತ್ತು. ಅಥವಾ ಹಾಗೆಂದು ನನಗೆ ಅನ್ನಿಸಿತೋ.

ಅತ್ತೆ ಬಂದರು. "ಗೊಂಬೆ ಹೇಗಿತ್ತು?"

"ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸಿದ್ರು" ಎಂದೆ ನಾನು. ಅದೇ ಉಸಿರಿನಲ್ಲಿ ಅಕ್ಕ, "ಈ ಸಲ ಕೂರಿಸಿರಲಿಲ್ಲ ಅತ್ತೆ" ಎಂದಳು.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಕೂರಿಸಿರಲಿಲ್ಲ," ಎಂದೆ, "ಪಟ್ಟದ ಗೊಂಬೆ ಮಾತ್ರ ಇಟ್ಟಿದ್ರು. ಸ್ಟೂಲ್ ಮೇಲೆ."

"ಹೂಂ. ಕ್ಯಾನಿಗೆ ಏನು ಹಾಕಿ ಕಳಿಸಿದ್ರು ನಿಮ್ಮ ದೊಡ್ಡಮ್ಮ?" ಹೋದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವ ಪದ್ಧತಿ ಯಾರ ಮನೆಯಲ್ಲೂ ಇಲ್ಲ. ಅದನ್ನು ನಾವಿಬ್ಬರೂ ಮರೆತಿದ್ದೆವು.

"ಮಜ್ಜಿಗೆ," ಎಂದಳು ಅಕ್ಕ. "ದಾರೀಲಿ ಚೆಲ್ಲಿಹೋಯ್ತು."

ಅತ್ತೆ ಅವಳ ನಿರಿಗೆಯ ಹತ್ತಿರ ಬಗ್ಗಿ ಮೂಸಿದರು. "ಎಂಥಾ ಮಜ್ಜಿಗೇನೇ ಇದು! ಯಾವ ಕಾಲದ್ದು? ಕುಡೀಲಿಲ್ಲ ತಾನೆ? ಹೋಗು, ಮೊದಲು ಸೀರೆ ಬದಲಾಯಿಸು."

ದೀಪ ಹಚ್ಚುವ ಹೊತ್ತಿಗೆ ಮಾವ ಬಂದರು. ನಮಗೆಲ್ಲ ಬನ್ನಿ ಎಲೆ ಕೊಟ್ಟರು. ಕೈಕಾಲು ತೊಳೆದು ಒಲೆಯ ಕೋಣೆಗೆ ಹೋದರು. ಬ್ರೆಡ್ಡು ಹಂಚುವ ಆಳೊಬ್ಬ ಊರಿನಿಂದ ಬಂದಿದ್ದ, ಮರಿಗೆ ಎತ್ತಿ ಇಡುತ್ತಿದ್ದ. ನಾನು ಬಾಗಿಲ ಆಚೆ, ಅಕ್ಕ ನನ್ನ ಹಿಂದೆ. ಮಾವ ಕಾಯಿ ಒಡೆದರು, ಹಾರ ತೆಗೆದರು, ಬಟ್ಟೆ ಬಿಚ್ಚಿದರು.

ಹುಳಿ ಬಾಯಿಯವರೆಗೆ ಬಂದಿರಲಿಲ್ಲ, ಆದರೆ ಏಳುತ್ತಿತ್ತು. ಮಾವ ಬಗ್ಗಿ ಮೂಸಿದರು. ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾರು ಮೈದಾ ಹಾಕಿದ್ದು?"

"ನಾನೇ ಮಾವಾ" ಎಂದಳು ಅಕ್ಕ. ಅವಳ ದನಿ ನನ್ನ ಬೆನ್ನಿಗೆ ತಾಗಿದ ಹಾಗಿತ್ತು.

ಅವರು ಜಾಡಿಯ ಒಳಗೋಡೆಗೆ ಬೆರಳಾಡಿಸಿದರು. ಬಹಳ ನುಣುಪಾಗಿತ್ತು ಅದು. ಆಮೇಲೆ ತಿರುಗದೆಯೇ ಹೇಳಿದರು: "ತಂಗಿಗೆ ಬಸ್ಸಿನ ಹೊತ್ತಾಯ್ತು. ಕಳಿಸಿ ಬಾ."

ಅಷ್ಟೇ. ಅತ್ತೆ ಇಟ್ಟ ಕುಂಕುಮ ಇಟ್ಟುಕೊಂಡು ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಬಂದ ಅಕ್ಕ, "ಬೆಳಗ್ಗೆ ಬ್ರೆಡ್ ಸೈಕಲ್ ನಿಮ್ಮ ಕಡೆ ಬಂದ್ರೆ ನಾನು ಉಳಿದೆ ಅಂದ್ಕೋ" ಎಂದಳು. ಬರದಿದ್ದರೆ ಏನು ಅಂದುಕೊಳ್ಳಬೇಕೆಂದು ಹೇಳಲಿಲ್ಲ.

ಆ ಸೈಕಲ್ಲು ದಿನಾ ಬೆಳಗ್ಗೆ ಕ್ಯಾರಿಯರಿನ ಮೇಲೆ ತಗಡಿನ ಪೆಟ್ಟಿಗೆ ಹೊತ್ತು ಬಳ್ಳಾರಿ ರಸ್ತೆಯಲ್ಲಿ ಬಂದು, ಗಾಳಿ ಹೊಡೆಸಿಕೊಳ್ಳಲು ನಮ್ಮ ಶಾಪಿನ ಮುಂದೆ ನಿಲ್ಲುತ್ತಿತ್ತು. ಮರುದಿನ ನಾನು ಕತ್ತಲಿರುವಾಗಲೇ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಹಾಕಿ, ಅಳಿಸಿ ಮತ್ತೆ ಹಾಕಿದೆ. ಕೆರೆಯ ಕಡೆಯಿಂದ ಮಂಜು ರಸ್ತೆಗೆ ಬಂದಿತ್ತು. ಹಾಲಿನವರು ಹೋದರು, ಮೊದಲ ಬಸ್ಸು ಹೋಯಿತು, ಬ್ರೆಡ್ಡು ಬರಲಿಲ್ಲ. "ಏನೇ, ಯಾರು ಬರಬೇಕು?" ಎಂದಳು ಅಮ್ಮ. ಯಾರೂ ಇಲ್ಲ ಎಂದೆ. ಅಪ್ಪ ಶಾಪಿನ ಬಾಗಿಲು ತೆಗೆದರು. ಸೂರ್ಯ ಮೇಲೆ ಬಂದ. ಒಲೆ ಹತ್ತಿಲ್ಲ, ಅಕ್ಕ ಹಜಾರದ ಮೂಲೆಯಲ್ಲಿ ನಿಂತಿದ್ದಾಳೆ, ಅತ್ತೆ ಗೋಡೆಯಾಚೆ ಮಾತಾಡುತ್ತಿದ್ದಾರೆ, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ಸೈಕಲ್ಲಿನ ಗಂಟೆ ಕೇಳಿದಾಗ ನಾನು ರಸ್ತೆಗೇ ಓಡಿದೆ.

"ಯಾಕೆ ಇಷ್ಟು ಹೊತ್ತು?"

"ರಾತ್ರಿ ಎಲ್ಲಾ ಕಾಯಿ ತುರಿದು ತುರಿದು ಕೈ ಬಿದ್ದೋಯ್ತು ಕಣವ್ವ," ಎಂದು ಪೆಟ್ಟಿಗೆ ತೆರೆದ. ಒಂದೂ ಬ್ರೆಡ್ಡಿರಲಿಲ್ಲ. ಉದ್ದಕ್ಕೂ ದುಂಡನೆಯ ಬನ್ನುಗಳು, ಮೇಲೆ ಬೆಲ್ಲದ ಹೊಳಪು. "ಪೂಜೆ ಕಾಯೆಲ್ಲ ಖರ್ಚು. ಯಜಮಾನ್ರು ಇದ್ದಕ್ಕಿದ್ದಂಗೆ ಇವತ್ತು ಬ್ರೆಡ್ ಬ್ಯಾಡ, ಕಾಯಿ ಬೆಲ್ಲದ ಬನ್ನು, ಅಬ್ಬದ್ ಲೆಕ್ಕ ಅಂದ್ಬುಟ್ರು. ಅಷ್ಟ್ ಬೆಲ್ಲ ನಾನ್ ಕಂಡಿಲ್ಲ."

ಒಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಸಿಹಿ, ಕಾಯಿ, ಏಲಕ್ಕಿ. ನುಂಗುವಾಗ, ಕೊನೆಯಲ್ಲಿ, ನಾಲಿಗೆಯ ಹಿಂದೆ ಸಣ್ಣ ಕಹಿ.

"ನಿಮ್ಗೊಂದ್ ಮಾತು ಹೇಳು ಅಂದವ್ರೆ ಯಜಮಾನ್ರು," ಎಂದ ಅವನು, ಪಂಪಿಗೆ ಕೈಹಾಕುತ್ತ. "ತೊಳೀಬಾರದ್ನ ತೊಳೆದ್ರಂತೆ, ತೊಳೀಬೇಕಾದ್ನ ತೊಳೀಲಿಲ್ಲಂತೆ. ಅಂಗಂದ್ರೆ ಏನವ್ವ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಏನು ತೊಳೆದದ್ದು? ಯಾರು?" ಎಂದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಮ್ಮ, "ಗಂಡಸರ ಕೈಲಿ ಹೇಳಿಕಳಿಸಿದ್ದಾರೆ ಅಂದ್ರೆ ಅವಳ ಅತ್ತೆಗೆ ಗೊತ್ತಿಲ್ಲ" ಎಂದಳು. ಮತ್ತೆ, "ಅಥವಾ ಗೊತ್ತಿದೆ" ಎಂದಳು. ಆ ಎರಡು ಮಾತುಗಳ ನಡುವೆಯೇ ನಾವು ದೀಪಾವಳಿಯವರೆಗೆ ಇದ್ದೆವು. ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ಕರೆಯಲು ಅಪ್ಪ ಹೋದ ದಿನ ಅಮ್ಮ ಅಡುಗೆ ಮಾಡಲಿಲ್ಲ. ಅಪ್ಪ ಬಂದು ಪೇಟ ಬಿಚ್ಚುತ್ತ, "ಇಬ್ಬರೂ ಬರ್ತಾರಂತೆ. ಆದರೆ ಒಂದೇ ರಾತ್ರಿಯಂತೆ. ಅವಳಿಗೇನೋ ಕೆಲಸ ಇದೆಯಂತೆ" ಎಂದರು.

ಅಕ್ಕ ಬಂದಳು. ಸ್ವಲ್ಪ ಸೊರಗಿದ್ದಳು. ವಿಜಯದಶಮಿಯ ರಾತ್ರಿ ಮಾವ ಅವಳನ್ನು ಒಲೆಯ ಕೋಣೆಗೆ ಕರೆದು, ಅತ್ತೆಯನ್ನು ಕಾಯಿ ಸುಲಿಯಲು ಹಿತ್ತಲಿಗೆ ಕಳಿಸಿ, ನೊರೆಯನ್ನು ಮೂರು ನೀರಿನಲ್ಲಿ ತೊಳೆಯುವುದು ಹೇಗೆಂದು ಅವಳ ಕೈಯಿಂದಲೇ ಮಾಡಿಸಿದರಂತೆ. ಹಿಟ್ಟಿಗೆ ಆಗಲೇ ಬೆರೆಸಿದ್ದರ ಕಹಿ ಮುಚ್ಚಲು ಬೆಲ್ಲ, ಜಾಡಿಯಲ್ಲಿ ಉಳಿದದ್ದರ ಕಹಿ ಕಳೆಯಲು ನೀರು. ಅಂದಿನಿಂದ ದಿನಾ ಸಂಜೆ ಜಾಡಿಗೆ ಹಿಟ್ಟು ಹಾಕುವುದು ಸೊಸೆಯ ಕೆಲಸ ಎಂದರಂತೆ. ಒಲೆಯ ಕೋಣೆಗೆ ಹೆಂಗಸೇ ಎಂದು ಅತ್ತೆ ಗೊಣಗಿದರೆ, "ಹಿರೀಮಗ ಅಲ್ವಾ, ತಮ್ಮನ ಹೆಂಡತಿ ನೋಡ್ಕೊಳ್ಳಲಿ" ಎಂದರಂತೆ.

"ಶಿಕ್ಷೆ ಕಣೇ ಅದು," ಎಂದಳು ಅಕ್ಕ. "ಒಂದು ಮದುವೆ ಮುಂಜಿಗೆ ಹೋಗೋ ಹಾಗಿಲ್ಲ." ಆದರೆ ಹೇಳುವಾಗ ಬಳೆ ಸರಿಮಾಡಿಕೊಳ್ಳುತ್ತಿದ್ದಳು, ಮನೆಯೊಡತಿಯ ಹಾಗೆ.

"ಅತ್ತೆಗೆ ಗೊತ್ತಾ?"

"ಗೊತ್ತಿಲ್ಲ. ಮೊನ್ನೆ ಮಜ್ಜಿಗೆ ಕೊಡುವಾಗ, ನಿಮ್ಮ ದೊಡ್ಡಮ್ಮನ ಮನೇದಷ್ಟು ನೊರೆ ಬರಲ್ಲಮ್ಮ ನಮ್ಮದು ಅಂದ್ರು. ನಗ್ತಾ ಅಂದ್ರೋ ಹೇಗೋ, ನಂಗೆ ತಲೆ ಎತ್ತಿ ನೋಡೋಕಾಗ್ಲಿಲ್ಲ."

ಸಂಜೆ ನೀರು ತುಂಬುವ ಹಬ್ಬಕ್ಕೆ ಅಮ್ಮ ಹಂಡೆ, ಬಿಂದಿಗೆಗಳನ್ನೆಲ್ಲ ಬಚ್ಚಲಿಗೆ ಹಾಕಿ, "ಬಾರೇ, ನಿನ್ನ ಕೈಲಿ ಉಜ್ಜಿದ್ರೆ ಹೊಳೆಯುತ್ತೆ" ಎಂದು ಅಕ್ಕನನ್ನು ಕರೆದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಹೋದಳು. ಹುಣಸೆಹಣ್ಣು ತೆಗೆದುಕೊಂಡಳು. ಮೊದಲ ಬಿಂದಿಗೆ ಎತ್ತಿಕೊಂಡು, ಬೆಳಕಿಗೆ ಹಿಡಿದು, ಒಳಗೆ ಕೈ ಹಾಕಿ ಎಲ್ಲ ಕಡೆ ತಡವಿ ನೋಡಿದಳು. ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದಳು:

"ಅಮ್ಮಾ, ಇದನ್ನ ತೊಳೀಬಹುದು ತಾನೆ?"